ಖಾಲಿ ಬಾಟಲಿಗೆ ಒಂದು ಸಾಬೂನು

ರಾಜಮಹಾರಾಜರು ಶಾಸನ ಹೊರಡಿಸುವ ಕಾಲ ಮುಗಿದು ಬಹಳ ದಿನಗಳಾದ ಮೇಲೂ ಜೇವರ್ಗಿಯ ಹೆದ್ದಾರಿ ಬದಿಯ ಒಂದು ಅಂಗಡಿಯಲ್ಲಿ ಒಂದು ಶಾಸನ ಜಾರಿಯಲ್ಲಿತ್ತು. ಹೊರಡಿಸಿದವನು ನಾನು, ಪಾಲಿಸುತ್ತಿದ್ದವರು ನನ್ನ ಗಿರಾಕಿಗಳು. ನನ್ನದು ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಅನ್ನುತ್ತಾರೆ. ಹೊಲಕ್ಕೆ ಎಣ್ಣಿ ಹೊಡೆದಾದ ಮೇಲೆ ಖಾಲಿ ಬಾಟಲಿಯನ್ನು ತೊಳೆದು, ಮುಚ್ಚಳ ಹಾಕಿ, ಮೇಲಿನ ಚೀಟಿ ಹರಿಯದಂತೆ ಮರಳಿ ತಂದುಕೊಟ್ಟವರಿಗೆ ಕೈತೊಳೆಯುವ ಸಾಬೂನು ಒಂದು ಉಚಿತ. ಇದೇ ಆ ಶಾಸನ. ವರ್ಷಗಟ್ಟಲೆ ನಡೆಯಿತು. ಕಲ್ಲಿನ ಮೇಲೆ ಕೆತ್ತಿಸಿದ ಶಾಸನಗಳಾದರೂ ಇಷ್ಟು ಕಟ್ಟುನಿಟ್ಟಾಗಿ ಪಾಲನೆಯಾಗಿದ್ದವೋ ಇಲ್ಲವೋ ಅನುಮಾನ. ಅವುಗಳ ಜೊತೆ ಸಾಬೂನು ಕೊಡುತ್ತಿರಲಿಲ್ಲ.

ಶಾಸನಕ್ಕೆ ಮೂಲ ಕೊಳಕೂರ ಎಂಬ ಹಳ್ಳಿಯ ಒಂದು ಲೋಟ ಮಜ್ಜಿಗೆ. ಗಿರಾಕಿಯೊಬ್ಬರ ಹೊಲದ ಹತ್ತಿ ನೋಡಲು ಹೋಗಿದ್ದೆ. ಮನೆಯಾಕೆ ಬಿಸಿಲಿಗೆ ಬಂದವನೆಂದು ತಂಪು ಮಜ್ಜಿಗೆ ಕೊಟ್ಟರು. ಕುಡಿದು ಲೋಟ ಕೆಳಗಿಟ್ಟ ಮೇಲೆ, ಅದನ್ನು ಸುರಿದ ಬಾಟಲಿ ಕಣ್ಣಿಗೆ ಬಿತ್ತು. ಎರಡು ತಿಂಗಳ ಹಿಂದೆ ನಾನೇ ಮಾರಿದ ಎಣ್ಣಿ ಬಾಟಲಿ.

‘ನಾಕ್ ಸಲ ತೊಳದೇನ್ರಿ, ಏನೂ ಆಗಂಗಿಲ್ಲ’ ಎಂದರು ಆಕೆ, ನನ್ನ ಮುಖ ನೋಡಿ.

ಏನೂ ಆಗಲಿಲ್ಲ. ಆದರೂ ಜೇವರ್ಗಿ ಮುಟ್ಟುವವರೆಗೆ ಮೋಟಾರ್ ಸೈಕಲ್ಲನ್ನು ಮೂರು ಸಲ ನಿಲ್ಲಿಸಿ ನನ್ನ ನಾಡಿಯನ್ನು ನಾನೇ ಹಿಡಿದು ನೋಡಿಕೊಂಡೆ. ಮರುದಿನವೇ ಶಾಸನ ಹೊರಟಿತು. ಬೇರೆ ಅಂಗಡಿಯ ಬಾಟಲಿ ತಂದು ನನ್ನ ಸಾಬೂನು ಒಯ್ಯುವವರೂ ಇರಬಹುದೆಂಬ ದೂರದೃಷ್ಟಿಯಿಂದ, ಮಾರುವಾಗಲೇ ಪ್ರತಿ ಬಾಟಲಿಯ ಚೀಟಿಯ ಮೇಲೆ ನೇರಳೆ ಶಾಯಿಯಲ್ಲಿ ಅಂಗಡಿಯ ಸಿಕ್ಕಾ, ಅಂದರೆ ರಬ್ಬರ್ ಮುದ್ರೆ, ಒತ್ತತೊಡಗಿದೆ. ನನ್ನ ಮನೆಯವರು, ‘ಅರ್ಧ ತಾಲೂಕಿನ ಕೈ ತೊಳದ್ರಿ, ಇನ್ನ ನಿಮ್ಮ ಅಂಗಿ ಒಗೀಲಿಕ್ಕೆ ಒಂದು ಸಾಬೂನು ಉಳಸ್ರಿ’ ಎಂದು ಹಂಗಿಸುತ್ತಿದ್ದರು. ಸಮಾಜಸೇವಕನ ಮನೆಯಲ್ಲಿ ಇಂಥ ಮಾತು ಸಾಮಾನ್ಯ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಕೂಡಿದ ಬಾಟಲಿಗಳನ್ನು ಒಯ್ಯಲು ಒಬ್ಬ ಗೆಳೆಯರಿದ್ದರು. ಆಳಂದದಲ್ಲಿ ಅವರದು ಭಂಗಾರ್ ಅಂಗಡಿ, ಅಂದರೆ ಹಳೇ ಕಬ್ಬಿಣ, ಪ್ಲಾಸ್ಟಿಕ್, ರದ್ದಿ ಕೊಳ್ಳುವ ವ್ಯಾಪಾರ. ವಯಸ್ಸು ನನ್ನಷ್ಟೇ. ನಾನು ಅವರಿಗೆ ಭಾಯ್ ಅನ್ನುತ್ತಿದ್ದೆ, ಅವರು ನನಗೆ ಸಾವ್ಕಾರ್ರ ಅನ್ನುತ್ತಿದ್ದರು. ಇಬ್ಬರೂ ಸ್ವಲ್ಪ ಉತ್ಪ್ರೇಕ್ಷೆ ಮಾಡುತ್ತಿದ್ದೆವು. ಮಗಳನ್ನು ಜೇವರ್ಗಿಗೆ ಕೊಟ್ಟಿದ್ದರು. ವಾರಕ್ಕೊಮ್ಮೆ ಟೆಂಪೋದಲ್ಲಿ ಬಂದು, ಮೊಮ್ಮಗಳನ್ನು ಮುದ್ದಾಡಿ, ಗಾಡಿ ಖಾಲಿ ಹೋಗಬಾರದೆಂದು ನನ್ನ ಬಾಟಲಿಗಳನ್ನು ತುಂಬಿಕೊಂಡು ಹೋಗುವರು. ನಾನು ಪುಕ್ಕಟೆ ಕೊಡುತ್ತಿದ್ದೆ.

ಮೊದಮೊದಲು ಅವರೊಂದು ಸಲಹೆ ಕೊಟ್ಟಿದ್ದರು. ‘ಸಾವ್ಕಾರ್ರ, ಇವನ್ನ ತುಳದು ಚಪ್ಪಟ ಮಾಡಿ ಒಯ್ತೇನಿ. ನಾಕ್ ಚೀಲದ್ದು ಒಂದ ಚೀಲದಾಗ ಹಿಡೀತದ.’

ನಾನು ಒಪ್ಪಲಿಲ್ಲ. ಒಳಗೆ ಉಳಿದ ವಿಷದ ಹನಿ ಸಿಡಿದು ಅವರ ಆಳುಗಳ ಕಣ್ಣಿಗೆ ಬಿದ್ದರೆ? ಬಾಯಿಮಾತಿನಲ್ಲಿ ಹೇಳಿದರೆ ಸಾಲದೆಂದು ಅಂಗಡಿಯ ಹಾಳೆಯ ಮೇಲೆ ದುಂಡಗೆ ಬರೆದೇ ಕೊಟ್ಟೆ: ಸದರಿ ಬಾಟಲಿಗಳನ್ನು ಯಾವ ಕಾರಣಕ್ಕೂ ಒಡೆಯತಕ್ಕದ್ದಲ್ಲ, ಚುಚ್ಚತಕ್ಕದ್ದಲ್ಲ, ತುಳಿಯತಕ್ಕದ್ದಲ್ಲ, ಮುಚ್ಚಳಸಹಿತ ಇದ್ದಂತೆಯೇ ಪ್ಲಾಸ್ಟಿಕ್ ಕರಗಿಸುವ ಕಾರ್ಖಾನೆಗೆ ಕಳಿಸತಕ್ಕದ್ದು. ಕೆಳಗೆ ಸಿಕ್ಕಾ ಒತ್ತಿದೆ. ಸಹಿ ಮಾಡುವುದು ಮರೆತುಹೋಯಿತು. ಭಾಯ್ ಅದನ್ನು ಆಳಂದದ ತಮ್ಮ ಅಂಗಡಿಯ ಗೋಡೆಗೆ ಅಂಟಿಸಿದರು. ನನ್ನ ಸಾಹಿತ್ಯ ಗೋಡೆಯೇರಿದ್ದು ಅದೊಂದೇ ಸಲ.

ಈಚಿನ ಒಂದು ವರ್ಷ, ತೊಗರಿ ಹೂವು ಮುಗಿದು ಕಾಯಿ ಕಟ್ಟುವ ದಿನಗಳಲ್ಲಿ, ಆಳಂದ ತಾಲೂಕಿನ ಸರಸಂಬಾದಿಂದ ಒಬ್ಬ ರೈತ ನನ್ನ ಅಂಗಡಿಗೆ ಬಂದ. ಮೊದಲು ಕಂಡವನಲ್ಲ. ಎರಡು ಬಸ್ಸು ಬದಲಿಸಿ ಬಂದಿದ್ದ. ಕೈಚೀಲದಿಂದ ಖಾಲಿ ಬಾಟಲಿಯೊಂದನ್ನು ತೆಗೆದು ನನ್ನ ಮುಂದೆ ಇಟ್ಟ.

‘ಸಾವ್ಕಾರ್ರ, ನಿಮ್ಮ ಎಣ್ಣಿ ಹೊಡದೇನಿ. ಕೀಡಿ ಸತ್ತಿಲ್ಲ. ಮದಲಿಗಿಂತ ದಪ್ಪ ಆಗ್ಯಾವ.’

‘ನನ್ನಲ್ಲಿ ಯಾವಾಗ ಒಯ್ದೀರಿ?’

‘ನಾ ಎಲ್ಲಿ ಒಯ್ದೇನ್ರಿ. ಕುರಿಯರ್‌ನ್ಯಾಗ ಮನೀಗೇ ಬಂತು. ಫೋನಿನ್ಯಾಗ ನೀವೇ ಕೈ ಮುಗದು ನಿಂತಿದ್ರಲ್ಲ.’

‘ನಾನು?’

‘ಹೌದ್ರಿ. ಶಾಲ್ ಹೊಚ್ಕೊಂಡು.’

ಆತ ಫೋನು ತೆರೆದು ತೋರಿಸಿದ. ನಿಜ, ನಾನೇ ನಿಂತಿದ್ದೆ. ತಾಲೂಕಿನ ಕೃಷಿ ಮೇಳದಲ್ಲಿ ನನಗೆ ಶಾಲು ಹೊದಿಸಿದ ದಿನದ ಫೋಟೋ. ಹಿಂದೆ ನನ್ನ ಅಂಗಡಿಯ ಬೋರ್ಡು. ಕೆಳಗೆ ಎಣ್ಣಿ ಕಂಪನಿಯ ಗುರುತು, ಮನೆ ಬಾಗಿಲಿಗೆ ಎಣ್ಣಿ ಮುಟ್ಟಿಸುವ ವಾಗ್ದಾನ, ಮತ್ತು ನನ್ನದಲ್ಲದ ಫೋನ್ ನಂಬರು. ಜೀವಮಾನದಲ್ಲಿ ನನಗೊಂದೇ ಸಲ ಶಾಲು ಹೊದಿಸಿದ್ದಾರೆ. ಅದನ್ನೂ ಬಿಟ್ಟಿರಲಿಲ್ಲ.

ಇದು ಯಾರದೋ ಮೋಸ, ನನಗೂ ಇದಕ್ಕೂ ಸಂಬಂಧವಿಲ್ಲ ಎನ್ನಲು ಬಾಯಿ ತೆರೆದವನು ಬಾಟಲಿಯನ್ನು ತಿರುಗಿಸಿ ನೋಡಿದೆ. ಚೀಟಿಯ ಮೇಲೆ ನೇರಳೆ ಸಿಕ್ಕಾ. ಅದು ನಕಲಿಯಲ್ಲ. ನನ್ನ ಸಿಕ್ಕಾದ ಒಂದು ಅಂಚು ಎಂದೋ ಕೆಳಗೆ ಬಿದ್ದು ಮುಕ್ಕಾಗಿತ್ತು. ಆ ಮುಕ್ಕೂ ಅಲ್ಲಿತ್ತು. ಬಾಯಿ ಮುಚ್ಚಿದೆ.

ಆತನ ತೊಗರಿ ಕಾಯಿಯ ಹಂತದಲ್ಲಿತ್ತು. ನಾಲ್ಕು ದಿನದಲ್ಲಿ ಒಳ್ಳೆಯ ಎಣ್ಣಿ ಬೀಳದಿದ್ದರೆ ಉಳಿಯುವುದು ಸಿಪ್ಪೆ. ನಾನು ಕಪಾಟಿನಿಂದ ಅದೇ ಕಂಪನಿಯ ಅಸಲಿ ಬಾಟಲಿ ತೆಗೆದು, ರೂಢಿಯಂತೆ ಸಿಕ್ಕಾ ಒತ್ತಿ, ‘ದುಡ್ಡು ಬ್ಯಾಡ, ಒಯ್ರಿ’ ಎಂದು ಮುಂದಿಟ್ಟೆ. ಆತ ಅದನ್ನು ಕೈಯಲ್ಲಿ ಹಿಡಿದು ಚೀಟಿ ನೋಡಿದ.

‘ಇದರ ಮ್ಯಾಲೂ ಅದೇ ಸಿಕ್ಕಾ ಅದಲ್ರಿ’ ಎಂದ. ಸಿಟ್ಟಿನಿಂದಲ್ಲ, ಲೆಕ್ಕ ತಪ್ಪಿದ್ದನ್ನು ಮಾಸ್ತರರಿಗೆ ತೋರಿಸುವಷ್ಟೇ ಶಾಂತವಾಗಿ. ಬಾಟಲಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿ, ರಸ್ತೆ ದಾಟಿ ಎದುರಿನ ಅಂಗಡಿಯಲ್ಲಿ ಕೊಂಡು ಹೋದ. ಮೂವತ್ತು ವರ್ಷದ ವ್ಯಾಪಾರದಲ್ಲಿ ನನ್ನ ಕಣ್ಣೆದುರಿಗೆ ಗಿರಾಕಿ ಆ ರಸ್ತೆ ದಾಟಿದ್ದು ಅದೇ ಮೊದಲು.

ಅಂದೇ ಕಂಪನಿಗೆ ಫೋನು ಮಾಡಿ, ಮರುದಿನ ಆತ ಬಿಟ್ಟುಹೋದ ಖಾಲಿ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಲಬುರಗಿಯ ಸೈಬರ್ ಠಾಣೆಗೆ ಹೋದೆ. ಠಾಣೆ ಎಂದರೆ ಲಾಠಿ, ಕಡತ, ಗೋಡೆಗೆ ಆನಿಸಿದ ಸೈಕಲ್ಲು ಎಂದು ನಂಬಿ ಬೆಳೆದವನು ನಾನು. ಅಲ್ಲಿ ಕಂಪ್ಯೂಟರುಗಳು, ತಣ್ಣಗಿನ ಗಾಳಿ, ಒಂದು ಮೇಜಿನ ಹಿಂದೆ ನನ್ನ ಮಗಳ ವಯಸ್ಸಿನ ಇನ್‌ಸ್ಪೆಕ್ಟರ್. ವಿಜಯಪುರ ಕಡೆಯವರು. ಮುಂದೆ ಒಂದು ಡಬ್ಬಿಯಲ್ಲಿ ಹುರಿದ ಶೇಂಗಾ. ನನ್ನ ದೂರನ್ನು ಪೂರ್ತಿ ಕೇಳಿ, ಬಾಟಲಿಯನ್ನು ಮುಟ್ಟದೆ ನೋಡಿದರು.

‘ಈ ಸಿಕ್ಕಾ ನಿಮ್ಮದ ಏನ್ರಿ ಕಾಕಾರ?’

‘ನಂದೇ ರಿ.’

‘ಬಾಟ್ಲಿ?’

‘ನನ್ನ ಅಂಗಡೀದೇ.’

‘ಒಳಗಿನ ಎಣ್ಣಿ?’

‘ಅದು ನಂದಲ್ಲ.’

‘ಮೂರರಾಗ ಎರಡು ನಿಮ್ಮವು’ ಎಂದರು ಒಂದು ಶೇಂಗಾ ಬಿಡಿಸುತ್ತ. ‘ನೀವು ಫಿರ್ಯಾದಿಯಾಗಿ ಬಂದೀರಿ ಅನ್ನೋದು ನೆನಪಿಟ್ಕೋತೇನಿ. ನೀವೂ ನೆನಪಿಟ್ಕೋರಿ.’

ಅಷ್ಟರಲ್ಲಿ ಬೆಂಗಳೂರಿನಿಂದ ಕಂಪನಿಯ ಮನುಷ್ಯ ಬಂದ. ನಕಲಿ ಮಾಲು ಹಿಡಿಯುವುದೇ ಆತನ ಉದ್ಯೋಗ. ತೆಳ್ಳಗಿನ ದೇಹ, ದಪ್ಪ ಕನ್ನಡಕ. ಬಾಟಲಿಯ ಚೀಟಿಯ ಮೂಲೆಯಲ್ಲಿ ಕಪ್ಪು ಚುಕ್ಕಿಗಳ ಒಂದು ಚೌಕವಿತ್ತು. ಸಾವಿರಾರು ಬಾಟಲಿ ಮಾರಿದ ನಾನು ಅದನ್ನು ಈವರೆಗೆ ಒಂದು ಬಗೆಯ ರಂಗೋಲಿ ಎಂದು ತಿಳಿದಿದ್ದೆ. ಆತ ಅದಕ್ಕೆ ಫೋನು ಹಿಡಿದ. ಪರದೆಯ ಮೇಲೆ ಆ ಬಾಟಲಿಯ ಜಾತಕ ಬಂತು: ಎಲ್ಲಿ ಹುಟ್ಟಿತು, ಯಾವ ಗೋದಾಮಿನಲ್ಲಿ ನಿಂತಿತು, ಜೇವರ್ಗಿಗೆ ಯಾವಾಗ ಬಂತು. ಆಮೇಲೆ, ಮಳೆಗಾಲದಲ್ಲಿ ಕೊಳಕೂರದ ಯಾರೋ ಜಾಣ ರೈತ ಅಸಲಿಯೋ ನಕಲಿಯೋ ನೋಡೋಣವೆಂದು ಅದೇ ಚೌಕಕ್ಕೆ ತನ್ನ ಫೋನು ಹಿಡಿದಿದ್ದ. ಅಸಲಿ ಎಂದು ಉತ್ತರ ಹೋಗಿತ್ತು. ಮೂರು ತಿಂಗಳ ಮೇಲೆ ಸರಸಂಬಾದಲ್ಲಿ ಇನ್ನೊಂದು ಫೋನು ಅದೇ ಪ್ರಶ್ನೆ ಕೇಳಿತ್ತು.

‘ಒಂದು ಸಲ ಖರ್ಚಾದ ಬಾಟಲಿ ಮತ್ತೆ ಹುಟ್ಟಿದೆ ಮೇಡಂ’ ಎಂದ ಆತ. ‘ಇಂಥವು ಇನ್ನೂ ಇವೆ. ಎಲ್ಲವೂ ಮೊದಲ ಸಲ ಇವರ ಅಂಗಡಿಯಲ್ಲೇ ಮಾರಾಟವಾದವು.’

ಪುನರ್ಜನ್ಮದ ಬಗ್ಗೆ ನಮ್ಮಲ್ಲಿ ಪಂಡಿತರು ಶತಮಾನಗಳಿಂದ ವಾದ ಮಾಡುತ್ತ ಬಂದಿದ್ದಾರೆ. ಅದಕ್ಕೆ ಪುರಾವೆ, ಊರು ಮತ್ತು ತಾರೀಖಿನ ಸಮೇತ, ಕಲಬುರಗಿಯ ಒಂದು ಮೇಜಿನ ಮೇಲೆ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಹೊಲದ ಬದುವಿನಲ್ಲಿ ನಿಂತು ಇಬ್ಬರು ರೈತರು ಫೋನು ಎತ್ತಿದ್ದು ಬೆಂಗಳೂರಿನ ಯಾವುದೋ ಯಂತ್ರಕ್ಕೆ ಇಷ್ಟು ದಿನ ನೆನಪಿತ್ತು. ಮೈ ಜುಮ್ಮೆಂದಿತು. ಅದರಲ್ಲಿ ಅರ್ಧ ಬೆರಗು, ಅರ್ಧ ಹೆದರಿಕೆ.

‘ಸಾಬೂನು ಕೊಟ್ಟ ಮ್ಯಾಲೆ ಬಾಟ್ಲಿ ಎಲ್ಲಿ ಹೋಗ್ತಾವ?’ ಎಂದು ಇನ್‌ಸ್ಪೆಕ್ಟರ್ ಕೇಳಿದರು.

ಭಾಯ್ ಬಗ್ಗೆ ಹೇಳಿದೆ.

‘ನೋಡ್ರಿ ಕಾಕಾರ, ಗೊತ್ತಿದ್ದು ಮಾರಿದ್ರ ಅವರು ಆರೋಪಿ. ಗೊತ್ತಿಲ್ದ ಮಾರಿದ್ರ ಸಾಕ್ಷಿ. ಯಾವುದು ಅನ್ನೋದು ತಿಳಿಯೋತನಕ ಅವರಿಗೆ ನೀವು ಒಂದ ಮಾತೂ ಹೇಳಂಗಿಲ್ಲ. ಸಾಬೂನು ಕೊಡ್ರಿ, ಬಾಟ್ಲಿ ಕೊಡ್ರಿ, ನಕ್ಕೋತ ಇರ್ರಿ.’

‘ಎಷ್ಟು ದಿನ?’

‘ಅದು ಅವರ ಕೈಯಾಗ ಅದ’ ಎಂದರು. ಯಾರ ಕೈಯಲ್ಲಿ ಎಂದು ನಾನು ಕೇಳಲಿಲ್ಲ.

ಕಂಪನಿಯ ಮನುಷ್ಯ ನನ್ನ ಜೊತೆಯೇ ಜೇವರ್ಗಿಗೆ ಬಂದು, ಹಿತ್ತಲ ಕೋಣೆಯಲ್ಲಿ ಕೂಡಿದ್ದ ಬಾಟಲಿಗಳ ಮುಚ್ಚಳ ತೆಗೆದು, ಒಳಗೆ ಏನೋ ನೀರಿನಂಥದ್ದನ್ನು ಒಂದೊಂದು ಹನಿ ಸವರಿದ. ನೋಡಿದರೆ ಏನೂ ಕಾಣದು. ಸಣ್ಣದೊಂದು ಬ್ಯಾಟರಿಯ ನೀಲಿ ಬೆಳಕು ಬಿಟ್ಟಾಗ ಮುಚ್ಚಳದೊಳಗೆ ಹಸಿರು ಚಂದ್ರ ಮೂಡಿತು. ನಾನು ‘ಇನ್ನೊಮ್ಮೆ ತೋರಸ್ರಿ’ ಎಂದೆ. ತೋರಿಸಿದ. ಮೂರನೆಯ ಸಲ ಕೇಳಲು ವಯಸ್ಸು ಅಡ್ಡ ಬಂತು.

ಆ ವಾರ ಭಾಯ್ ಎಂದಿನಂತೆ ಬಂದರು. ಎಂದಿನಂತೆ ಚಹಾ ತರಿಸಿದರು. ನಾನು ನಗುತ್ತಿದ್ದೆ, ಆಜ್ಞೆಯಾಗಿತ್ತಲ್ಲ.

‘ಏನ್ ಸಾವ್ಕಾರ್ರ, ಹಲ್ಲು ಬ್ಯಾನಿ ಆಗ್ಯದೇನು? ಮಾರಿ ಹಂಗ್ಯಾಕ ಮಾಡ್ತೀರಿ?’

‘ನಗಾಕತ್ತೇನಿ ಭಾಯ್.’

‘ತೋಬಾ. ಬ್ಯಾಡ್ರಿ. ಗಿರಾಕಿ ಓಡಿ ಹೋಗ್ತಾರ.’

‘ಹೊಟ್ಟಿ ಸರಿ ಇಲ್ಲ’ ಎಂದೆ. ಅದೊಂದು ಸುಳ್ಳು. ನಲವತ್ತು ವರ್ಷದ ಸ್ನೇಹದಲ್ಲಿ ಸಣ್ಣಪುಟ್ಟ ಸುಳ್ಳು ಹೇಳಿರಬಹುದು. ಪೊಲೀಸರ ಪರವಾಗಿ ಹೇಳಿದ್ದು ಮೊದಲನೆಯದು. ಅವರೇ ಚೀಲಗಳನ್ನು ಎತ್ತಿ ಟೆಂಪೋಕ್ಕೆ ಹಾಕಿಕೊಂಡರು. ‘ನಿಮ್ಮ ಹೊಟ್ಟಿ ಸರಿ ಇಲ್ಲ, ನೀವು ಎತ್ತಬ್ಯಾಡ್ರಿ’ ಎಂದರು. ಮರುದಿನ ಆಳಂದದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಪೊಟ್ಟಣ ಬಂತು: ಅವರ ಮನೆಯಲ್ಲಿ ಮಾಡಿದ ಓಮಿನ ಚೂರಣ, ಊಟದ ಮೇಲೆ ಒಂದು ಚಮಚ. ಇಲ್ಲದ ಕಾಯಿಲೆಗೆ ಐದು ದಿನ ಔಷಧ ತಿಂದೆ.

ಇತ್ತ ಇನ್‌ಸ್ಪೆಕ್ಟರ್ ಕೂತಲ್ಲೇ ಜಗತ್ತನ್ನು ತಿರುಗಿಸುತ್ತಿದ್ದರು. ರೈತ ಫೋನಿನಲ್ಲಿ ತೋರಿಸಿದ ಜಾಹೀರಾತಿನ ಪುಟ ಯಾವ ವಿದೇಶಿ ಕಂಪನಿಯ ಜಾಲತಾಣದಲ್ಲಿತ್ತೋ ಅದಕ್ಕೆ ಪತ್ರ ಬರೆದರು. ಆ ಪುಟ ತೆರೆದವನ ಫೋನು ನಂಬರು ಬಂತು. ನನ್ನ ಸ್ವಂತ ತಮ್ಮನಿಗೆ ನಾನು ಬರೆದ ಪತ್ರಕ್ಕೆ ಇನ್ನೂ ಉತ್ತರವಿಲ್ಲ. ಸಮುದ್ರದಾಚೆ ಕೂತ ಯಾರೋ, ಜೇವರ್ಗಿ ಎಂಬ ಊರು ಭೂಮಿಯ ಮೇಲಿದೆ ಎಂದು ಗೊತ್ತಿಲ್ಲದವರು, ನನ್ನ ಶಾಲಿನ ಸಲುವಾಗಿ ಉತ್ತರ ಬರೆದಿದ್ದರು. ಬ್ಯಾಂಕಿನವರು ಹಣ ಯಾವ ಖಾತೆಗೆ ಇಳಿಯುತ್ತದೆ ಹೇಳಿದರು. ಕುರಿಯರ್‌ನವರು ಸರಸಂಬಾದ ಪಾರ್ಸೆಲ್ ಯಾವ ಕೌಂಟರಿನಲ್ಲಿ ಬಿತ್ತು ಎಂದು ಹುಡುಕಿಕೊಟ್ಟರು: ಅಫಜಲಪುರ. ಎದುರಿನ ಅಂಗಡಿಯವನು ಕೂಡ, ನನ್ನ ಮೂವತ್ತು ವರ್ಷದ ವೈರಿ, ತನ್ನಲ್ಲಿಗೆ ಬಂದ ಎರಡು ಅನುಮಾನದ ಬಾಟಲಿಗಳನ್ನು ತಾನಾಗಿ ಠಾಣೆಗೆ ಮುಟ್ಟಿಸಿದ್ದ. ಇವರಲ್ಲಿ ಯಾರೂ ಯಾರನ್ನೂ ಕಂಡವರಲ್ಲ. ಆದರೂ ಒಬ್ಬೊಬ್ಬರು ಒಂದೊಂದು ಎಳೆ ಹಿಡಿದುಕೊಟ್ಟರು. ನಾನು ಊರ ದೊಡ್ಡ ಬಾವಿ ತೋಡುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ನೂರು ಜನ ಒಂದು ಕೆಲಸಕ್ಕೆ ಕೈ ಹಾಕಿದ್ದನ್ನು ಆಮೇಲೆ ಕಂಡಿರಲಿಲ್ಲ. ಇದು ಅಂಥದ್ದು. ವ್ಯತ್ಯಾಸವೆಂದರೆ ಇಲ್ಲಿ ಹಾರೆಯ ಸಪ್ಪಳವೇ ಇರಲಿಲ್ಲ.

ಕೊನೆಗೆ ಇನ್‌ಸ್ಪೆಕ್ಟರ್ ತಾವೇ ಒಬ್ಬ ರೈತನ ಹೆಸರಿನಲ್ಲಿ ಆ ನಂಬರಿಗೆ ಎಣ್ಣಿ ಬೇಕೆಂದು ಹೇಳಿದರು. ಮೂರನೆಯ ದಿನ ಪಾರ್ಸೆಲ್ ಬಂತು. ನನ್ನನ್ನು ಕರೆಸಿ, ಮುಚ್ಚಳ ತೆರೆದು ನೀಲಿ ಬೆಳಕು ಬಿಟ್ಟರು. ಒಳಗೆ ಹಸಿರು ಚಂದ್ರ.

‘ನಿಮ್ಮ ಹಿತ್ತಲದಾಗ ಹುಟ್ಟಿದ್ದು ಕಾಕಾರ’ ಎಂದರು.

ಪಾರ್ಸೆಲ್ ಹಾಕಿದವನ ಜಾಡು ಹಿಡಿದು, ಅಫಜಲಪುರದ ಹೊರಗೆ, ಹಿಂದೆ ಕೋಳಿ ಸಾಕುತ್ತಿದ್ದ ತಗಡಿನ ಶೆಡ್ಡಿಗೆ ಮುಂಜಾನೆ ಹತ್ತಕ್ಕೆ ಹೋದೆವು. ಸಿಕ್ಕಾ ಗುರುತಿಸಲು ನಾನು. ಇಬ್ಬರು ಸಿಕ್ಕರು, ಓಡಲೂ ಇಲ್ಲ. ಒಂದು ಡ್ರಮ್ಮಿನಲ್ಲಿ ಬಣ್ಣದ ನೀರು, ಮುಚ್ಚಳಕ್ಕೆ ಹೊಸ ಪ್ಲಾಸ್ಟಿಕ್ ಹಾಳೆ ಅಂಟಿಸಲು ಕೂದಲು ಒಣಗಿಸುವ ಯಂತ್ರ, ಮತ್ತು ಗೋಡೆಗುಂಟ ಸಾಲುಸಾಲಾಗಿ ನನ್ನ ಬಾಟಲಿಗಳು, ನನ್ನ ಸಿಕ್ಕಾ ಎಲ್ಲವೂ ಈಚೆಗೆ ಮುಖ ಮಾಡಿ. ಅಷ್ಟು ಶುಚಿಯಾಗಿ ನನ್ನ ಅಂಗಡಿಯನ್ನೂ ನಾನು ಎಂದೂ ಜೋಡಿಸಿರಲಿಲ್ಲ.

ಅವರಲ್ಲೊಬ್ಬ ನನ್ನನ್ನು ನೋಡಿ ಗುರುತು ಹಿಡಿದ. ಹಿಡಿಯದೆ ಏನು, ದಿನಾ ಅವನ ಫೋನಿನಲ್ಲೇ ಇದ್ದೆ. ‘ಕಾಕಾ, ನಿಮ್ಮ ಮಾಲು ಭಾಳ ಛಲೋ ಬರ್ತಿತ್ತು’ ಎಂದ. ‘ಬ್ಯಾರೆ ಕಡೆ ಮುಚ್ಚಳ ಇರಂಗಿಲ್ಲ, ಚೀಟಿ ಹರದಿರ್ತದ. ನಿಮ್ಮವು ಲಗ್ನಕ್ಕ ಹೊಂಟಂಗ ಬರ್ತಿದ್ವು.’

ಕಾನ್‌ಸ್ಟೇಬಲ್ ಅವನಿಗೆ ಸುಮ್ಮನಿರಲು ಹೇಳಿದ. ಪ್ರಾಮಾಣಿಕ ಪ್ರಶಂಸೆ ನನ್ನ ವೃತ್ತಿಯಲ್ಲಿ ಅಪರೂಪ. ಅದು ಸಿಕ್ಕಿದ್ದು ಇಂಥ ಜಾಗದಲ್ಲಿ.

ಅದೇ ಮಧ್ಯಾಹ್ನ ಭಾಯ್ ಅವರನ್ನು ಠಾಣೆಗೆ ಕರೆಸಿದರು. ನಾನೂ ಇದ್ದೆ, ಕಂಪನಿಯ ಮನುಷ್ಯನಿದ್ದ, ನನ್ನಂಥವರ ಪರವಾನಗಿ ನೋಡಿಕೊಳ್ಳುವ ಕೃಷಿ ಅಧಿಕಾರಿಯೂ ಇದ್ದರು. ಭಾಯ್ ನನ್ನನ್ನು ನೋಡಿ ಮೊದಲು ಕೇಳಿದ್ದು, ‘ಹೊಟ್ಟಿ ಹ್ಯಾಂಗದ?’

ಬಾಟಲಿಗಳನ್ನು ಅಫಜಲಪುರದ ಆ ಇಬ್ಬರಿಗೆ ಮಾರಿದ್ದು ನಿಜವೆಂದು ಅವರು ಒಪ್ಪಿಕೊಂಡರು. ಫಿನಾಯಿಲ್ ತುಂಬುತ್ತೇವೆ ಎಂದಿದ್ದರಂತೆ. ಕಾರ್ಖಾನೆಯವರ ತೂಕದ ಬೆಲೆಗಿಂತ, ಬಾಟಲಿಗಿಷ್ಟೆಂದು, ಹೆಚ್ಚು ಕೊಡುತ್ತಿದ್ದರಂತೆ.

‘ಎಲ್ಲಾ ಭಂಗಾರದವರು ಬಾಟ್ಲಿ ತುಳದು ಚಪ್ಪಟ ಮಾಡ್ತಾರ. ನೀವೊಬ್ರು ಯಾಕ ಇಡಿಯಾಗಿ ಇಟ್ಟೀರಿ ಚಾಚಾ?’ ಎಂದು ಇನ್‌ಸ್ಪೆಕ್ಟರ್ ಕೇಳಿದರು.

ಎಲ್ಲವೂ ಆ ಪ್ರಶ್ನೆಯ ಮೇಲೆ ನಿಂತಿದೆ ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಕಲಿ ಮಾಡುವವರಿಗೆಂದೇ ಇಟ್ಟಿದ್ದರೆ ಆರೋಪಿ.

‘ತಪ್ಪಾಗ್ಯದ್ರಿ ಮೇಡಂ’ ಎಂದರು ಭಾಯ್.

ನಾನು ಕೇಳಿದೆ, ‘ಭಾಯ್, ಗ್ವಾಡಿಗಿ ಹಚ್ಚಿದ್ದ ಹಾಳಿ ಎಲ್ಲದ?’

‘ಯಾವ ಹಾಳಿ?’

‘ನಾ ಬರದ ಕೊಟ್ಟಿದ್ದು.’

‘ಮಳಿಗಿ ತೋಯ್ದು ಹೋಗ್ಯದ. ಹಳೀ ಮಾತು ಬಿಡ್ರಿ ಸಾವ್ಕಾರ್ರ.’

ಇನ್‌ಸ್ಪೆಕ್ಟರ್ ಶೇಂಗಾ ಡಬ್ಬಿಯ ಮುಚ್ಚಳ ಹಾಕಿದರು. ‘ಚಾಚಾ, ಬಂದಾಗಿಂದ ಮೂರು ಸಲ ಕಿಸೆ ಮುಟ್ಟಿ ನೋಡ್ಕೊಂಡೀರಿ. ಒಳಗ ಏನದ?’

ವಿದೇಶಕ್ಕೆ ಪತ್ರ ಬರೆಯುವ ಯಂತ್ರ, ಬಾಟಲಿಯ ಜಾತಕ, ಹಸಿರು ಚಂದ್ರ, ಇವೆಲ್ಲ ನೋಡಿ ಬೆರಗಾದವನು ನಾನು. ಆ ಕ್ಷಣದ ಬೆರಗು ಅವೆಲ್ಲಕ್ಕಿಂತ ದೊಡ್ಡದು. ಅಷ್ಟೆಲ್ಲ ಯಂತ್ರಗಳನ್ನು ಆಳುವ ಹೆಣ್ಣುಮಗಳು ಒಬ್ಬ ಮುದುಕನ ಕೈ ಎಲ್ಲಿಗೆ ಹೋಗುತ್ತಿದೆ ಎಂಬುದನ್ನೂ ನೋಡುತ್ತ ಕೂತಿದ್ದರು.

ಭಾಯ್ ಕಿಸೆಯಿಂದ ಹಾಳೆ ತೆಗೆದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಾಲ್ಕು ಮಡಿಕೆ ಮಾಡಿದ್ದು. ಗೋಡೆಯಿಂದ ಕಿತ್ತ ಗೋಂದಿನ ಕಲೆ ಇನ್ನೂ ಇತ್ತು. ಇನ್‌ಸ್ಪೆಕ್ಟರ್ ಅದನ್ನು ಗಟ್ಟಿಯಾಗಿ ಓದಿದರು. ಒಡೆಯತಕ್ಕದ್ದಲ್ಲ, ಚುಚ್ಚತಕ್ಕದ್ದಲ್ಲ, ತುಳಿಯತಕ್ಕದ್ದಲ್ಲ. ಠಾಣೆಯ ಗೋಡೆಗಳ ನಡುವೆ ನನ್ನ ಗದ್ಯ ಬಹಳ ಚೆನ್ನಾಗಿ ಒಪ್ಪಿತು.

ಕಂಪನಿಯ ಮನುಷ್ಯ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದ. ‘ಸಹಿ ಇಲ್ಲ ಸರ್. ಬರೀ ಸೀಲು. ಸೀಲು ಯಾರು ಬೇಕಾದರೂ ಒತ್ತಬಹುದು. ಯೋಚನೆ ಮಾಡಿ ಮಾತಾಡಿ.’

ಅವನದು ಕೆಟ್ಟ ಮನಸ್ಸಲ್ಲ. ಹಳೆಯ ವಿತರಕ ಉಳಿಯಲಿ ಎಂದಷ್ಟೇ. ಯೋಚನೆ ಮಾಡಿದೆ. ಎಷ್ಟು ಹೊತ್ತು ಎಂದು ಕೇಳಬೇಡಿ. ಒಂದು ಶೇಂಗಾ ಬಿಡಿಸುವಷ್ಟು ಇದ್ದಿರಬೇಕು. ಅಷ್ಟರಲ್ಲಿ ನನ್ನ ಅಂಗಡಿ, ಬೋರ್ಡು, ಶಾಲು, ರಸ್ತೆ ದಾಟಿ ಹೋದ ಆ ಗಿರಾಕಿಯ ಬೆನ್ನು, ಎಲ್ಲ ಕಣ್ಣ ಮುಂದೆ ಬಂದುಹೋದವು. ಭಾಯ್ ನೆಲ ನೋಡುತ್ತಿದ್ದರು.

‘ಹಾಳ್ಯಾಗಿನ ಅಕ್ಷರ ನಂದು ಮೇಡಂ’ ಎಂದೆ. ‘ಈ ಕಾಲದಾಗ ಇಂಥಾ ಕನ್ನಡ ಮತ್ತ್ಯಾರೂ ಬರಿಯಂಗಿಲ್ಲ. ಚಪ್ಪಟ ಮಾಡ್ತೇನಿ ಅಂತ ಅವರು ಕೇಳಿದ್ರು. ಬ್ಯಾಡ ಅಂದಾವ ನಾನು.’

ಕೃಷಿ ಅಧಿಕಾರಿ ಆವರೆಗೆ ಮಾತಾಡಿರಲಿಲ್ಲ. ಅವರು ಒಂದು ಬಾಟಲಿಯನ್ನು ನನ್ನ ಕೈಗಿತ್ತು, ಚೀಟಿಯ ಕೆಳಗಿನ ಸಣ್ಣಕ್ಷರ ಓದಲು ಹೇಳಿದರು. ಕನ್ನಡಕ ಸಾಲಲಿಲ್ಲ, ಇನ್‌ಸ್ಪೆಕ್ಟರ್ ಭೂತಗನ್ನಡಿ ಕೊಟ್ಟರು. ಕನ್ನಡವೂ ಇತ್ತು ಅಲ್ಲಿ. ಖಾಲಿ ಬಾಟಲಿಯನ್ನು ಮೂರು ಸಲ ತೊಳೆದು, ತೂತು ಮಾಡಿ, ಮತ್ತೆ ಬಳಕೆಗೆ ಬಾರದಂತೆ ನಾಶಪಡಿಸಬೇಕು ಎಂದಿತ್ತು. ನಾನು ಸಿಕ್ಕಾ ಒತ್ತುತ್ತಿದ್ದದ್ದು ಸರಿಯಾಗಿ ಆ ಸಾಲಿನ ಮೇಲೆ.

ಓದಿ ಮುಗಿಸಿ ಬಾಟಲಿ ಕೆಳಗಿಟ್ಟೆ. ಯಾರೂ ನಗಲಿಲ್ಲ. ಅದು ಅವರ ದೊಡ್ಡತನ.

ಇನ್‌ಸ್ಪೆಕ್ಟರ್ ನನ್ನ ಹೇಳಿಕೆ ಬರೆಸಿ ಓದಿ ತೋರಿಸಿದರು. ಹಾಳೆಯನ್ನು ಪುರಾವೆಯಾಗಿ ಇಟ್ಟುಕೊಂಡರು. ‘ಚಾಚಾ, ನೀವು ಸಾಕ್ಷಿ. ಕರದಾಗ ಬರಬೇಕು. ಈಗ ಮನೀಗಿ ಹೋಗ್ರಿ’ ಎಂದರು. ಕೃಷಿ ಅಧಿಕಾರಿ ನನ್ನ ಪರವಾನಗಿಯನ್ನು ಒಂದು ತಿಂಗಳು ಅಮಾನತಿನಲ್ಲಿಟ್ಟರು. ರದ್ದು ಮಾಡಬಹುದಿತ್ತು, ಆದರೆ ನಾನೇ ಬಂದು ದೂರು ಕೊಟ್ಟದ್ದು, ನಾನೇ ಒಪ್ಪಿಕೊಂಡದ್ದು, ಎರಡನ್ನೂ ಆದೇಶದಲ್ಲಿ ಬರೆದರು. ನನ್ನ ಪೆದ್ದುತನಕ್ಕೂ ಒಂದು ಸಾಲು ಮೀಸಲಿಟ್ಟರು. ಅವರ ಕನ್ನಡ ನನ್ನದಕ್ಕಿಂತ ಸರಳವಾಗಿತ್ತು.

ಹೊರಗೆ ಬಂದ ಮೇಲೆ ಕೇಳಿದೆ, ‘ಹಾಳಿ ಯಾಕ ಮುಚ್ಚಿಟ್ಟಿದ್ರಿ ಭಾಯ್?’

‘ನನ್ನ ಧಂದೆಕ್ಕ ಪರವಾನಗಿ ಯಾರು ಕೇಳ್ತಾರ? ನಿಮ್ದು ಹಂಗಲ್ಲ.’

‘ಜೇಲಿಗಿ ಹೋಗಾಕೂ ಪರವಾನಗಿ ಕೇಳಂಗಿಲ್ಲ.’

‘ಅದು ಖರೇನ’ ಎಂದರು. ಸ್ವಲ್ಪ ದೂರ ನಡೆದ ಮೇಲೆ, ‘ಹಂಗಾರ ಹೊಟ್ಟಿ ಬ್ಯಾನಿ ಸುಳ್ಳ?’

‘ಸುಳ್ಳ.’

‘ನಮ್ಮಾಕಿ ಎರಡ ದಿನ ಕುಟ್ಯಾಳ ಆ ಚೂರಣ. ಆಕಿಗಿ ಹೇಳಬ್ಯಾಡ್ರಿ. ನಾ ಪೊಲೀಸರಿಂದ ಉಳದೇನಿ, ನೀವು ಆಕಿ ಕಡಿಂದ ಉಳಿಯಂಗಿಲ್ಲ.’

ಒಂದು ತಿಂಗಳು ಅಂಗಡಿಯ ಶಟರ್ ಇಳಿದಿತ್ತು. ಮನೆಯಲ್ಲಿ ಕೂತು ಸಾಬೂನಿನ ವಿಷಯ ಕೇಳುವುದಕ್ಕಿಂತ ಆಳಂದ ಮೇಲೆಂದು ಭಾಯ್ ಅಂಗಡಿಗೆ ಹೋಗತೊಡಗಿದೆ. ಅವರು ನನ್ನನ್ನು ತೂಕದ ಕಾಟಾದ ಹತ್ತಿರ ಕೂರಿಸಿದರು. ಹೀಗೆ ಕೂತಿದ್ದಾಗ ಒಂದು ಮಧ್ಯಾಹ್ನ ಸರಸಂಬಾದ ಆ ರೈತ ಹಳೆಯ ಎಣ್ಣಿ ಹೊಡೆಯುವ ಪಂಪು ಮಾರಲು ಬಂದ. ನನ್ನನ್ನು ನೋಡಿ ಪಂಪು ಕೆಳಗಿಳಿಸುವುದನ್ನೇ ಮರೆತ.

‘ಸಾವ್ಕಾರ್ರ, ಇಲ್ಲೇನ್ ಮಾಡಾಕತ್ತೀರಿ?’

‘ಸಜಾ ಆಗ್ಯದ’ ಎಂದೆ. ಎಲ್ಲವನ್ನೂ ಹೇಳಿದೆ, ಸಣ್ಣಕ್ಷರದ ಸಾಲನ್ನೂ ಬಿಡದೆ. ಆತ ಪಂಪಿನ ಮೇಲೆ ಕೂತು ಪೂರ್ತಿ ಕೇಳಿದ.

‘ತೊಗರಿ ಅರ್ಧ ಉಳದದ’ ಎಂದ ಕೊನೆಗೆ. ‘ಠಾಣೇದವರು ನನ್ನ ಕಡೀನೂ ಬಂದಿದ್ರು. ನೀವೇ ಕಂಪ್ಲೇಂಟ್ ಕೊಟ್ಟೀರಿ ಅಂದ್ರು. ನಿಮ್ಮ ತಪ್ಪೂ ಅದ ಅನ್ನೋದು ಮಾತ್ರ ಯಾರೂ ಹೇಳಿದ್ದಿಲ್ಲ. ನೀವ ಹೇಳಾಕತ್ತೀರಿ.’

‘ಹೌದು.’

ಆತ ಎದ್ದು ಪಂಪನ್ನು ಕಾಟಾದ ಮೇಲಿಟ್ಟ. ಮುಳ್ಳು ನಿಲ್ಲುವವರೆಗೆ ಕಾದ.

‘ಅಂಗಡಿ ಎಂದ ತಗೀತೀರಿ?’

‘ಇನ್ನ ಒಂಬತ್ತ ದಿನ ಅದ.’

‘ಕಡ್ಲಿಗಿ ಈಗೀಗ ಕೀಡಿ ಬೀಳಾಕತ್ತದ. ಒಂಬತ್ತ ದಿನ ತಡೀತದೋ ಇಲ್ಲೋ, ನೋಡೂನು. ತಡದ್ರ ನಾನೇ ಬರ್ತೇನಿ ಜೇವರ್ಗಿಗಿ.’ ಪಂಪಿನ ದುಡ್ಡು ಎಣಿಸದೆ ಕಿಸೆಗಿಟ್ಟುಕೊಂಡು ಹೊರಟ. ಬಾಗಿಲಲ್ಲಿ ನಿಂತು, ‘ಚೀಟಿ ಮಾತ್ರ ನೀವು ಓದಿ ಕೊಡಬೇಕ್ರಿ, ಪೂರಾ’ ಎಂದ.

ಭಾಯ್ ಒಳಗಿನಿಂದ ಕೂಗಿದರು, ‘ಯಾರ್ರಿ ಅವರು?’

‘ನನ್ನ ಗಿರಾಕಿ’ ಎಂದೆ.